ತನಿಖಾಧಿಕಾರಿಗೆ ಗುಬ್ಬಿಯ ದನಿ

ಗುಬ್ಬಿಯ ದನಿ ಎಷ್ಟು ಸಣ್ಣದೆಂದರೆ, ಮದುವೆಯಾಗಿ ಬಂದ ಹೊಸತರಲ್ಲಿ ಅವಳು "ಊಟಕ್ಕೆ ಬನ್ನಿ" ಎಂದು ಕರೆದದ್ದು ಯಾರಿಗೂ ಕೇಳಿಸದೆ ಬಡಿಸಿಟ್ಟ ಅನ್ನ ಆರಿಹೋಗುತ್ತಿತ್ತು. ಆ ಹೆಸರಿಟ್ಟವನು ಮಾವ. ಜೀವಮಾನವಿಡೀ ಬಸ್ಸು ಓಡಿಸಿ, ಇಂಜಿನ್ನಿನ ಸದ್ದನ್ನು ಮೀರಿ ಮಾತಾಡಿ ಮಾತಾಡಿ ಗಂಟಲು ತಮಟೆಯಾಗಿದ್ದ ಮನುಷ್ಯ ಅವನು. "ಮನೆಗೆ ಸೊಸೆ ಬಂದಿಲ್ಲ, ಗುಬ್ಬಿ ಬಂದಿದೆ" ಎಂದು ನಕ್ಕಿದ್ದ. ಆಮೇಲೆ ಗಂಡ, ಅತ್ತೆ, ಕೊನೆಗೆ ಪೇಪರ್ ಹಾಕುವವನಿಗೂ ಅವಳು ಗುಬ್ಬಿಯೇ ಆದಳು.

ವಿಚಿತ್ರವೆಂದರೆ ಆ ಗುಬ್ಬಿ ದುಡಿಯುತ್ತಿದ್ದುದು ದನಿಯಿಂದಲೇ. ಡಬ್ಬಿಂಗ್ ಸ್ಟುಡಿಯೋದಲ್ಲಿ ನಾಯಕಿಯ ಗೆಳತಿಗೆ, ಆಸ್ಪತ್ರೆಯ ನರ್ಸಿಗೆ, ಅಳುವ ನಾದಿನಿಗೆ, ಮಕ್ಕಳ ಕಾರ್ಟೂನಿನ ಮೊಲಕ್ಕೆ ದನಿ ಕೊಡುತ್ತಿದ್ದಳು. ನಾಯಕಿಯ ಪಾತ್ರ ಅವಳ ಹತ್ತಿರ ಯಾವತ್ತೂ ಸುಳಿದಿರಲಿಲ್ಲ. ಹಾಗಿರುವಾಗ, ಒಂದು ದೊಡ್ಡ ಕ್ರೈಂ ಥ್ರಿಲ್ಲರ್ ಸಿನಿಮಾದ ತನಿಖಾಧಿಕಾರಿಣಿಗೆ ದನಿ ಕೊಡಬೇಕಿದ್ದವಳ ಗಂಟಲು ಕಟ್ಟಿ, ಕೆಲಸ ಅರ್ಧಕ್ಕೇ ನಿಂತುಹೋಯಿತು. ಅದು ಇವಳ ಕೊರಳಿಗೆ ಬಂದು ಬಿತ್ತು.

ಅವತ್ತು ಊಟಕ್ಕೆ ಕೂತಾಗ ವಿಷಯ ಹೇಳಿದಳು.

"ನೀನಾ? ಪೊಲೀಸಾ?" ಗಂಡ ತುತ್ತನ್ನು ಕೈಯಲ್ಲೇ ಹಿಡಿದು ನಕ್ಕ. ಔಷಧಿ ಅಂಗಡಿಯಲ್ಲಿ ದಿನವಿಡೀ ನಿಂತು ಬಂದವನಿಗೆ ನಗಲು ಸಿಕ್ಕಿದ ಮೊದಲ ಅವಕಾಶ ಅದು. "ಕಳ್ಳ ಹೆದರೋದು ಆಮೇಲೆ, ಮೊದಲು ಅವನಿಗೆ ಕೇಳಿಸ್ಬೇಕಲ್ಲ!"

"ಅಮ್ಮ, ನಿನ್ ಹತ್ರ ಗನ್ ಇರತ್ತಾ?" ಮಗಳು ಕೇಳಿದಳು. ಎಲ್ಲರನ್ನೂ ಮಾತಿನಲ್ಲೇ ಚಿವುಟುವ ಅವಳಿಗೆ ಮನೆಯಲ್ಲಿ ಚೂಟಿ ಎಂದೇ ಹೆಸರು.

"ನನ್ನ ಹತ್ರ ಮೈಕ್ ಇರತ್ತೆ."

"ಅಂದ್ರೆ ಸಂಜೆ ಅಡುಗೆ ನನ್ನ ತಲೆ ಮೇಲೆ ಅನ್ನು" ಎಂದಳು ಅತ್ತೆ.

"ಇರ್ಲಿ ಬಿಡೆ, ಗುಬ್ಬಿನೂ ಒಂದ್ಸಲ ಗುಡುಗ್ಲಿ" ಎಂದ ಮಾವ. "ನಾಳೆ ನಾನೇ ಕಾರಲ್ಲಿ ಬಿಟ್ಟು ಬರ್ತೀನಿ ಸ್ಟುಡಿಯೋಗೆ." ಎದ್ದವನೇ ಬಾಗಿಲ ಹಿಂದಿನ ಮೊಳೆಯ ಕಡೆ ನೋಡಿದ. ಮೊಳೆ ಖಾಲಿಯಿತ್ತು. "ಕೀ ಇಲ್ಲೇ ಹಾಕಿದ್ದೆ."

"ಹಾಕಿದ್ರೆ ಅಲ್ಲೇ ಇರ್ತಿತ್ತಲ್ರೀ" ಎಂದಳು ಅತ್ತೆ, ಅನ್ನ ಬಡಿಸುತ್ತಾ. "ನಿನ್ನೆ ಕನ್ನಡಕ ಫ್ರಿಜ್ ಮೇಲಿತ್ತು. ಮೊನ್ನೆ ಹಲ್ಲುಸೆಟ್ಟು ಒಗೆಯೋ ಬಟ್ಟೆ ಬುಟ್ಟೀಲಿ. ಇನ್ನು ಕೀ ಎಲ್ಲಿಟ್ಟಿದ್ದೀರೋ, ಯಾರಿಗೆ ಗೊತ್ತು?"

ಮಾವ ನಿಂತಲ್ಲೇ ನಿಂತ. ಹಿಂದಾದರೆ ಗುಡುಗುತ್ತಿದ್ದ. ಈಗ ಜೇಬು ಮುಟ್ಟಿ ನೋಡಿಕೊಂಡು, ತಪ್ಪು ಮಾಡಿದ ಹುಡುಗನ ಹಾಗೆ ಬಂದು ಕೂತ.

ಅವನಿಗೆ ಮರೆವು ಶುರುವಾಗಿ ತಿಂಗಳುಗಳೇ ಆಗಿದ್ದವು. ಡಾಕ್ಟರಿಗೂ ತೋರಿಸಿದ್ದರು. "ಮನೆಯವರು ಏನು ಹೇಳ್ತೀರಿ?" ಎಂದು ಡಾಕ್ಟರು ಕೇಳಿದಾಗ, ಜೊತೆಗೆ ಹೋಗಿದ್ದ ಗುಬ್ಬಿಯೂ "ಹೌದು, ಇತ್ತೀಚೆಗೆ ತುಂಬಾ ಮರೀತಾರೆ" ಎಂದಿದ್ದಳು. ಮಾತ್ರೆ ಶುರುವಾಗಿತ್ತು. ಮಾವ ದಿನವಿಡೀ ತೂಕಡಿಸುತ್ತಿದ್ದ.

ಸ್ಟುಡಿಯೋದ ಕೆಲಸ ಅವಳಂದುಕೊಂಡಂತಿರಲಿಲ್ಲ. ಪೊಲೀಸು ಎಂದರೆ ಗದರಿಸುವುದು ಎಂದುಕೊಂಡು ಮೊದಲ ದಿನ ಗಂಟಲು ಹರಿಯುವಂತೆ ಕೂಗಿದಳು. ಡಬ್ಬಿಂಗ್ ನಿರ್ದೇಶಕ ಗಾಜಿನ ಆಚೆಯಿಂದ ಕೈಯೆತ್ತಿ ನಿಲ್ಲಿಸಿದ.

"ಕಿರುಚಬೇಡಿ ಮೇಡಂ. ಇವಳಿಗೆ ಕಿರುಚೋ ದರ್ದೇ ಇಲ್ಲ. ಉತ್ತರ ಗೊತ್ತಿದ್ದೇ ಪ್ರಶ್ನೆ ಕೇಳ್ತಾಳೆ. ಮೆಲ್ಲಗೆ ಕೇಳಿ. ಕೇಳಿ ಸುಮ್ಮನಿರಿ."

ಸಿನಿಮಾದ ಕಥೆಯಲ್ಲಿ ಊರಿಗೆಲ್ಲ ಬೇಕಾದ ಒಬ್ಬ ಸಂಗೀತದ ಮೇಷ್ಟ್ರು. ಅವನ ಹತ್ತಿರ ಕಲಿಯಲು ಬಂದವರು ಒಬ್ಬೊಬ್ಬರಾಗಿ ಬುದ್ಧಿ ಕೆಡಿಸಿಕೊಳ್ಳುತ್ತಾರೆ. ಇಬ್ಬರು ತಾವಾಗಿ ಸಾಯುತ್ತಾರೆ. ಚಾಕು ಇಲ್ಲ, ವಿಷ ಇಲ್ಲ. ಅವನು ಮಾಡುವುದು ಇಷ್ಟೇ: "ಇಲ್ಲವಲ್ಲ, ನೀನು ಹಾಗೆ ಹೇಳಲೇ ಇಲ್ಲ", "ಪಾಪ, ಮತ್ತೆ ಮರೆತೆಯಾ" ಎಂದು ನಗುನಗುತ್ತಾ ಹೇಳುತ್ತಾ ಹೋಗುವುದು. ಎಲ್ಲರೂ ಕೈಚೆಲ್ಲಿದ ಆ ಕೇಸನ್ನು ಹಿಡಿದ ಅಧಿಕಾರಿಣಿ ಮೇಲಿನವರ ಒತ್ತಡಕ್ಕೂ ಬಗ್ಗದೆ ಅವನ ಎದುರು ಕೂರುತ್ತಾಳೆ.

ಗುಬ್ಬಿಗೆ ನಟರ ತುಟಿ ನೋಡುವುದು ಅಭ್ಯಾಸ. ತುಟಿಗಿಂತ ಹೆಚ್ಚಾಗಿ, ಮಾತಿಗೆ ಮುಂಚೆ ಎಳೆದುಕೊಳ್ಳುವ ಉಸಿರು. ಆ ಉಸಿರು ಹಿಡಿದರೆ ಮಾತು ತಾನಾಗಿ ಕೂರುತ್ತದೆ. ಮೇಷ್ಟ್ರ ಪಾತ್ರದವನು ಪ್ರತಿ ಸುಳ್ಳಿಗೂ ಮುಂಚೆ ಉಸಿರನ್ನು ಅರ್ಧಕ್ಕೆ ನುಂಗುತ್ತಿದ್ದ. ದೊಡ್ಡ ನಟ ಅವನು. ಆ ನುಂಗುವ ಉಸಿರನ್ನು ಇನ್ನೆಲ್ಲೋ ಕೇಳಿದ್ದೇನೆ ಅನಿಸಿ ಅವಳಿಗೆ ಕಿರಿಕಿರಿಯಾಗುತ್ತಿತ್ತು. ಎಲ್ಲಿ ಎಂದು ಹೊಳೆಯುತ್ತಿರಲಿಲ್ಲ.

ಮನೆಯಲ್ಲಿ ಬೇರೆ ರಾಮಾಯಣ. ಅಡುಗೆ, ಪಾತ್ರೆ, ಬಟ್ಟೆ ಎಲ್ಲದರ ಹೊತ್ತೂ ಏರುಪೇರಾಯಿತು. ಒಂದು ಬೆಳಗ್ಗೆ, ಬ್ರೆಡ್ಡು ಸುಡುತ್ತಿದ್ದರೂ ಎದ್ದು ಬಾರದ ಗಂಡನಿಗೆ ಗುಬ್ಬಿ "ನಿಮಗೆ ಕೊಟ್ಟ ಸಮಯ ಮುಗೀತು" ಎಂದಳು. ದನಿ ಎತ್ತರಿಸಿರಲಿಲ್ಲ. ಆದರೂ ಅವನು ಒಂದು ಕಾಲಿಗೆ ಮಾತ್ರ ಚಪ್ಪಲಿ ಹಾಕಿಕೊಂಡು ಓಡಿಬಂದ. ಚೂಟಿ ಚಪ್ಪಾಳೆ ತಟ್ಟಿದಳು.

"ಮನೇಲಿ ಠಾಣೆ ಇಟ್ಟಿದ್ದೀಯಾ?" ಗಂಡ ಸಿಡುಕಿದ.

"ಅಭ್ಯಾಸ ಮಾಡ್ತಿದ್ದೆ ಅಷ್ಟೇ."

"ಅಲ್ಲೇ ಮಾಡು ಅಭ್ಯಾಸಾನ. ಮೈ ಜುಂ ಅನ್ನತ್ತೆ."

ಇನ್ನೊಂದು ದಿನ ಅವಳು ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಾ ಮರುದಿನದ ಸಾಲನ್ನು ತನ್ನಷ್ಟಕ್ಕೆ ಹೇಳಿಕೊಂಡಳು: "ನಿನ್ನೆ ಮಧ್ಯಾಹ್ನ ಎಲ್ಲಿದ್ರಿ?"

ಹಿಂದೆ ದಡ್ ಎಂದು ಪಾತ್ರೆ ಬಿತ್ತು.

"ಎಲ್ಲಿ... ಮನೇಲೇ ಇದ್ದೆ. ಇನ್ನೆಲ್ಲಿರ್ಲಿ?" ಅತ್ತೆಯ ಮುಖ ಬಿಳಿಚಿಕೊಂಡಿತ್ತು.

"ನಿಮ್ಮನ್ನಲ್ಲ ಅತ್ತೆ. ಸಿನಿಮಾದ ಮಾತು."

"ಸುಡುಗಾಡು ಸಿನಿಮಾ" ಎನ್ನುತ್ತಾ ಅತ್ತೆ ಪಾತ್ರೆ ಎತ್ತಿಕೊಂಡಳು. ಮಾತಿಗೆ ಮುಂಚೆ ಅವಳು ಉಸಿರನ್ನು ಅರ್ಧಕ್ಕೆ ನುಂಗಿದ್ದನ್ನು ಗುಬ್ಬಿ ಕೇಳಿಸಿಕೊಂಡಿದ್ದಳು. ಛೆ, ಎಲ್ಲ ಕಡೆ ಅದೇ ಕಾಣುತ್ತಿದೆ, ತಲೆ ಕೆಟ್ಟಿದೆ ನನಗೆ ಎಂದುಕೊಂಡು ಆಲೂಗಡ್ಡೆಯ ಕಡೆ ತಿರುಗಿದಳು.

ಅದಾದ ವಾರದಲ್ಲೇ ಒಂದು ದಿನ ಮಾವ ಕೈ ತೊಳೆದು, ಟವೆಲ್ಲಿನಲ್ಲಿ ಇನ್ನೂ ಒರೆಸಿಕೊಳ್ಳುತ್ತಲೇ ಅವಳ ಹತ್ತಿರ ಬಂದು ನಿಂತ. ಆ ತಮಟೆ ದನಿ ಪಿಸುಗುಟ್ಟುತ್ತಿತ್ತು.

"ಗುಬ್ಬಿ, ನಾನು ಊಟ ಮಾಡಿದ್ನಾ?"

"ಈಗ ತಾನೇ ಮಾಡಿದ್ರಲ್ಲ ಮಾವ. ಕೈ ಒದ್ದೆ ಇದೆ ನೋಡಿ."

"ಮಾಡಿದೆ ಅಂತ್ಲೇ ಅನ್ಸತ್ತೆ. ಆದ್ರೆ ನನಗನ್ಸಿದ್ದು ನಿಜ ಇರ್ಬೇಕು ಅಂತೇನಿಲ್ಲವಲ್ಲ. ಅದಕ್ಕೆ ಕೇಳಿದೆ."

ಅವನು ಹೊರಗೆ ಹೋಗುವುದನ್ನು ಬಿಟ್ಟು ಆಗಲೇ ಬಹಳ ದಿನವಾಗಿತ್ತು. ಹಳೆಯ ಡ್ರೈವರುಗಳು ಸೇರುತ್ತಿದ್ದ ಚಹಾದಂಗಡಿಗೂ ಹೋಗುತ್ತಿರಲಿಲ್ಲ. ದಾರಿ ಮರೆತರೆ ಮರ್ಯಾದೆ ಹೋಗುತ್ತದೆ ಎನ್ನುತ್ತಿದ್ದ.

ಮಾರನೇ ದಿನ ಸ್ಟುಡಿಯೋದಲ್ಲಿ ಕೊನೆಯ ವಿಚಾರಣೆಯ ದೃಶ್ಯ. ಪರದೆಯ ಮೇಲೆ ಅಧಿಕಾರಿಣಿ ಮೇಜಿನ ಈಚೆ ಕೂತು ಮೇಷ್ಟ್ರನ್ನೇ ನೋಡುತ್ತಿದ್ದಳು. "ನೀವು ಯಾರನ್ನೂ ಮುಟ್ಟಿಲ್ಲ. ಅವರು ತಮ್ಮನ್ನು ತಾವೇ ನಂಬದ ಹಾಗೆ ಮಾಡಿದಿರಿ." ಗುಬ್ಬಿ ಆ ಸಾಲನ್ನು ಮತ್ತೆ ಮತ್ತೆ ಹೇಳಿದಳು. ಪ್ರತಿ ಸಲವೂ ಕೊನೆಯ ಪದದಲ್ಲಿ ದನಿ ನಡುಗಿತು.

"ಇವಳು ನಡುಗಲ್ಲ ಮೇಡಂ" ಎಂದ ನಿರ್ದೇಶಕ. "ಏನಾಗ್ತಿದೆ ನಿಮಗಿವತ್ತು?"

ಅಷ್ಟರಲ್ಲಿ ಮೈಕು ಕೈಕೊಟ್ಟಿತು. ರಿಪೇರಿಯವನು ಬರುವುದು ನಾಳೆಯೇ ಎಂದಾಯಿತು. ಗುಬ್ಬಿ ಮಧ್ಯಾಹ್ನವೇ ಮನೆಗೆ ಬಂದಳು. ಬಾಗಿಲು ಓರೆಯಾಗಿತ್ತು. ಮಾವ ಕುರ್ಚಿಯಲ್ಲಿ ಬಾಯಿ ತೆರೆದು ನಿದ್ದೆ ಹೋಗಿದ್ದ. ಅತ್ತೆ ಅವನ ಪಕ್ಕ ಬಗ್ಗಿ, ಮಡಿಲ ಮೇಲಿದ್ದ ಕನ್ನಡಕವನ್ನು ಎರಡೇ ಬೆರಳಲ್ಲಿ ಎತ್ತಿಕೊಂಡು, ಕಾಲ ತುದಿಯಲ್ಲಿ ಅಡುಗೆಮನೆಗೆ ನಡೆದು, ಬೇಳೆಯ ಡಬ್ಬಿಯ ಮುಚ್ಚಳ ತೆಗೆದಳು. ಒಳಗೆ ಕಾರಿನ ಕೀ ಮಿನುಗಿತು. ಕನ್ನಡಕವನ್ನು ಅದರ ಪಕ್ಕ ಇಟ್ಟು ಮುಚ್ಚಿ ತಿರುಗಿದರೆ ಸೊಸೆ ನಿಂತಿದ್ದಳು.

ಗುಬ್ಬಿ ಅಡುಗೆಮನೆಯ ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿ ಸ್ಟೂಲಿನ ಮೇಲೆ ಕೂತಳು. ಅತ್ತೆಯ ಮುಖವನ್ನೇ ನೋಡಿದಳು.

"ಹಾಗೆ ನೋಡ್ಬೇಡ ಕಣೆ" ಎಂದಳು ಅತ್ತೆ. ಆಮೇಲೆ ತಡೆಯಲಾಗದೆ ನೆಲದ ಮೇಲೆ ಕುಸಿದು ಕೂತಳು. "ಆ ದಿನ ನೀನಿದ್ದಿದ್ರೆ ನೀನೂ ಇದನ್ನೇ ಮಾಡ್ತಿದ್ದೆ."

"ಯಾವ ದಿನ?"

"ನಾವಿಬ್ರೂ ಸಂತೆಯಿಂದ ತರಕಾರಿ ತರ್ತಾ ಇದ್ವಿ. ಶಾಲೆ ತಿರುವಲ್ಲಿ ಒಂದು ಹುಡುಗಿ. ನಮ್ಮ ಚೂಟಿಯಷ್ಟೇ ಇದ್ಲು, ಬೆನ್ನಿಗೆ ಚೀಲ. ಎಡಗಡೆಯಿಂದ ರಸ್ತೆಗಿಳಿದ್ಲು. ನಿನ್ನ ಮಾವ ನೋಡ್ಲೇ ಇಲ್ಲ. ನಾನು ಕಿರುಚಿದ್ದಕ್ಕೆ ಬ್ರೇಕ್ ಒತ್ತಿದ್ರು. ಅವಳ ಲಂಗ ಬಂಪರಿಗೆ ತಾಗಿತ್ತು ಗುಬ್ಬಿ. ಇಷ್ಟೇ ಇಷ್ಟು. ಇವರೇನಂದ್ರು ಗೊತ್ತಾ? 'ನಾಯಿ ನೋಡಿ ಯಾಕೆ ಹಂಗ್ ಅರಚ್ತೀಯಾ' ಅಂದ್ರು."

"ಕಾರು ಬಿಡಬೇಡಿ ಅಂತ ಹೇಳ್ಬೇಕಿತ್ತು."

"ಹೇಳ್ದೆ. 'ಇಷ್ಟು ವರ್ಷ ಒಂದು ಕೋಳಿನೂ ನನ್ನ ಚಕ್ರಕ್ಕೆ ಸಿಕ್ಕಿಲ್ಲ, ನೀನು ನನಗೆ ಹೇಳಿಕೊಡ್ತೀಯಾ' ಅಂತ ಮನೆ ಹಾರಿಹೋಗೋ ಹಾಗೆ ಕೂಗಿದ್ರು. ಮಾರನೇ ದಿನ ಕೀ ಬಚ್ಚಿಟ್ಟೆ. ಎಲ್ಲಿ ಅಂತ ಕೇಳಿದ್ರು. ಬಾಯಿಗೆ ಬಂದಿದ್ದು ಹೇಳಿದೆ, 'ನೀವೇ ಎಲ್ಲೋ ಇಟ್ಟು ಮರೆತಿದ್ದೀರಿ' ಅಂತ." ಅತ್ತೆ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ನಂಬಿಬಿಟ್ರು ಕಣೆ. ಅಷ್ಟು ಸಲೀಸಾಗಿ ನಂಬ್ತಾರೆ ಅಂತ ನನಗೇನು ಗೊತ್ತು?"

"ಕನ್ನಡಕ ಯಾಕೆ? ಹಲ್ಲುಸೆಟ್ಟು ಯಾಕೆ?"

"ಹುಡುಕಿ ತಂದು ಮೊಳೆಗೆ ಹಾಕಿದಾಗೆಲ್ಲ ಕೀ ಬಚ್ಚಿಡ್ಬೇಕಿತ್ತು. ಅದೊಂದೇ ಮರೀತಾರೆ ಅಂದ್ರೆ ಯಾರು ನಂಬ್ತಾರೆ?"

ಗುಬ್ಬಿ ಕೇಳಿದಳು, "ಇದು ಇನ್ಯಾರಿಗೆ ಗೊತ್ತು?"

ಅತ್ತೆ ಉಸಿರು ನುಂಗಿದಳು.

"ನಿಮ್ಮ ಮಗನಿಗಾ?"

"ಅವನಿಗೆ ಹೇಳದೆ ಇನ್ಯಾರಿಗೆ ಹೇಳ್ಲಿ?"

ಗಂಡ ಬಂದಾಗ ಗುಬ್ಬಿ ಅವನನ್ನು ಹಿತ್ತಲಿಗೆ ಕರೆದು, ಒಣಗಿದ ಬಟ್ಟೆ ತೆಗೆಯುತ್ತಾ ಕೇಳಿದಳು. ಅವನು ಅಲ್ಲಗಳೆಯಲಿಲ್ಲ.

"ಅಪ್ಪ ಕಾರು ಬಿಡೋದು ನಿಂತಿತಲ್ಲ. ಒಂದು ಮಗು ಸಾಯೋದಕ್ಕಿಂತ ಇದು ವಾಸಿ ಅಲ್ವಾ?"

"ಅವರು ಊಟ ಮಾಡಿದ್ದೀನಾ ಇಲ್ವಾ ಅಂತ ನನ್ನ ಕೇಳ್ತಿದ್ದಾರೆ ರೀ!"

"ವಯಸ್ಸಾದ್ಮೇಲೆ ಹೇಗಿದ್ರೂ..."

"ಡಾಕ್ಟರ ಮುಂದೆ ನನ್ನ ಕೈಲೂ ಹೇಳಿಸಿದ್ರಿ. ನೀವು ಔಷಧಿ ಕೊಡೋರು. ಇಲ್ಲದ ಕಾಯಿಲೆಗೆ ಮಾತ್ರೆ ನುಂಗಿಸ್ತಿದ್ದೀರಲ್ಲ, ಕೈ ನಡುಗಲ್ವಾ ನಿಮಗೆ?"

ಗಂಡ ಬಟ್ಟೆಯ ಕ್ಲಿಪ್ಪನ್ನು ಒತ್ತುತ್ತಾ ಬಿಡುತ್ತಾ ನಿಂತ. "ಈಗ ಹೇಳಿದ್ರೆ ಏನಾಗತ್ತೆ ಯೋಚನೆ ಮಾಡಿದ್ದೀಯಾ? ಅಮ್ಮನ್ನ ಅವರು ಜನ್ಮದಲ್ಲಿ ಕ್ಷಮಿಸಲ್ಲ. ಹಟಕ್ಕೆ ಬಿದ್ದು ನಾಳೆಯಿಂದಲೇ ಕಾರು ತೆಗೀತಾರೆ. ಯಾರಿಗಾದ್ರೂ ಗುದ್ದಿದ್ರೆ ಹೊಣೆ ನಿಂದಾ?"

ಆ ವಾರವೆಲ್ಲ ಗುಬ್ಬಿ ಮನೆಯಲ್ಲಿ ಕೂತಲ್ಲಿ ಕೂರಲಾಗದೆ ಓಡಾಡಿದಳು. ಒಗೆದ ಬಟ್ಟೆಯನ್ನೇ ಮತ್ತೆ ಒಗೆದಳು. ಅತ್ತೆ ಅವಳ ಮುಖ ನೋಡುತ್ತಿರಲಿಲ್ಲ. ಗಂಡ ತಡವಾಗಿ ಬಂದು ಬೇಗ ಹೋಗುತ್ತಿದ್ದ. "ಯಾರ್ಯಾರು ಟೂ ಬಿಟ್ಟಿದ್ದೀರಿ? ಹೇಳಿದ್ರೆ ನಾನೂ ಒಂದು ಪಕ್ಷ ಸೇರ್ತೀನಿ" ಎಂದಳು ಚೂಟಿ. ಯಾರೂ ನಗಲಿಲ್ಲ.

ಭಾನುವಾರ ಎಲ್ಲರೂ ಊಟಕ್ಕೆ ಕೂತಿದ್ದರು. ಮಾವ ಎಡಗೈಯಿಂದ ಮೇಜಿನ ಮೇಲೆ ತಡಕಾಡಿದ.

"ಕನ್ನಡಕ ಇಲ್ಲೇ ಇಟ್ಟಿದ್ದೆ, ಅಲ್ವಾ? ಅಥವಾ ಇಲ್ವಾ?"

"ಮತ್ತೆ ಮರೆತ್ರಾ?" ಅತ್ತೆಯ ಬಾಯಿಂದ ರೂಢಿಯಿಂದಲೇ ಬಂದುಬಿಟ್ಟಿತು.

"ಇಲ್ಲ ಮಾವ" ಎಂದಳು ಗುಬ್ಬಿ. "ನೀವು ಮರೆತಿಲ್ಲ."

ಅಧಿಕಾರಿಣಿಯ ದನಿಯಲ್ಲ ಅದು. ಅವಳದೇ ಸಣ್ಣ ದನಿ. ಆದರೂ ಎಲ್ಲರ ಕೈ ತಟ್ಟೆಯಲ್ಲೇ ನಿಂತಿತು.

"ಮತ್ತೆ?" ಎಂದ ಮಾವ.

"ಗುಬ್ಬಿ, ಬೇಡ" ಎಂದ ಗಂಡ.

"ನಾನು ಹೇಳಲ್ಲ" ಎಂದಳು ಗುಬ್ಬಿ. "ಅತ್ತೆ ಹೇಳ್ತಾರೆ."

ಅತ್ತೆ ಹೇಳಿದಳು. ಮೊದಲು ತೊದಲಿ, ಆಮೇಲೆ ಒಂದೇ ಉಸಿರಿಗೆ, ತಟ್ಟೆಯಲ್ಲಿನ ಅನ್ನವನ್ನು ನೋಡುತ್ತಾ ಎಲ್ಲವನ್ನೂ ಹೇಳಿದಳು. ಮುಗಿದ ಮೇಲೆ ಮಾವ ಕೇಳಿದ ಮೊದಲ ಮಾತು ಯಾರೂ ಎಣಿಸದ್ದು.

"ಆ ಮಗುಗೆ ಏನಾದ್ರೂ ಆಯ್ತಾ?"

"ಇಲ್ಲ. ಓಡಿಹೋದ್ಲು."

"ನಾಯಿ ಅಂದ್ಕೊಂಡಿದ್ದೆ ನಾನು." ಅವನ ಕೈ ಮೇಜಿನಂಚನ್ನು ಹಿಡಿದುಕೊಂಡಿತು. "ಇದನ್ನ ಅವತ್ತೇ ಹೇಳಿದ್ರೆ ನಾನೇ ಕೀ ಎಸೀತಿದ್ನಲ್ಲೇ! ಮಗು ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು."

"ನೀವು ಕೂಗಾಡಿದ್ರಿ. ಹೆದರಿಕೆಯಾಯ್ತು."

"ಅದಕ್ಕೆ ನನ್ನ ಹುಚ್ಚನ್ನ ಮಾಡಿದ್ಯಾ?" ಬಹಳ ತಿಂಗಳಾದ ಮೇಲೆ ತಮಟೆ ಮೊಳಗಿತು. "ಮುಖ ತೊಳೆಯೋಕೆ ಹೋಗಿ ಕನ್ನಡಿ ಮುಂದೆ ನಿಂತು ನನ್ನ ಹೆಸರು ಹೇಳ್ಕೊಳ್ತಿದ್ದೆ ನಾನು, ಮರೆತುಹೋಗತ್ತೇನೋ ಅಂತ! ಲೋ, ನಿನಗೂ ಗೊತ್ತಿತ್ತೇನೋ?"

ಮಗ ತಲೆ ತಗ್ಗಿಸಿದ. ಮಾವ ಎದ್ದು, ಬಾಗಿಲ ಎಡ ಚೌಕಟ್ಟಿಗೆ ಭುಜ ಬಡಿಸಿಕೊಂಡು ಹೊರಗೆ ಹೋದ. ಸಂಜೆ ತಿರುಗಿ ಬಂದ. ನಾನು ಓಡಿಸುತ್ತಿದ್ದ ದಾರಿಯ ಬಸ್ಸಿನಲ್ಲಿ, ಡ್ರೈವರ್ ಹಿಂದಿನ ಸೀಟಲ್ಲಿ ಕೂತು ಊರೆಲ್ಲ ಸುತ್ತಿದೆ, ಒಂದು ಸ್ಟಾಪಿನ ಹೆಸರೂ ಮರೆತಿಲ್ಲ ಎಂದು ಚೂಟಿಗೆ ಮಾತ್ರ ಹೇಳಿದ.

ಎಡಗಡೆಯಿಂದ ಬಂದ ಹುಡುಗಿಯನ್ನೂ ಎಡ ಚೌಕಟ್ಟನ್ನೂ ಅವನು ಕಾಣದ್ದನ್ನು ನೆನೆದು ಗುಬ್ಬಿ ಅವನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಕಣ್ಣೊಳಗಿನ ಒತ್ತಡ ಹೆಚ್ಚಿ ಎಡಭಾಗದ ನೋಟ ಹೋಗಿದೆ, ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಹನಿ ಹಾಕಿ ಕಾಪಾಡಿಕೊಳ್ಳಬೇಕು ಎಂದರು ಡಾಕ್ಟರು. "ಇಷ್ಟು ದಿನ ಯಾಕೆ ಬರ್ಲಿಲ್ಲ? ಮೊದಲೇ ಬಂದಿದ್ರೆ ಇನ್ನಷ್ಟು ಉಳೀತಿತ್ತು."

"ಬೇರೆ ಡಾಕ್ಟರ ಹತ್ರ ಹೋಗ್ತಿದ್ವಿ" ಎಂದಳು ಗುಬ್ಬಿ. ದನಿ ತನಗೇ ಕೇಳಿಸಲಿಲ್ಲ.

ಅತ್ತೆಗೆ ಅದನ್ನು ಹೇಳಿದಾಗ ಅವಳು ಸಿಂಕಿನ ಮುಂದೆ ನಿಂತು, ನಲ್ಲಿ ಬಿಟ್ಟುಕೊಂಡು ಅತ್ತಳು. ಕಾರನ್ನು ಮಾವನೇ ಹಳೆಯ ಸಹೋದ್ಯೋಗಿಯೊಬ್ಬನ ಮಗಳಿಗೆ ಕೊಟ್ಟುಬಿಟ್ಟ. ಮರೆವಿನ ಮಾತ್ರೆಯನ್ನು ಡಾಕ್ಟರೇ ನಿಲ್ಲಿಸಿದರು. ಮಾವ ಮತ್ತೆ ಚಹಾದಂಗಡಿಗೆ ಹೋಗತೊಡಗಿದ. ಮಗನ ಜೊತೆ ಬೈದಾಡಿ ರಾಜಿಯಾದ. ಹೆಂಡತಿಯ ಜೊತೆ ಮಾತ್ರ ಆಗಲಿಲ್ಲ. ಜಗಳವೂ ಇಲ್ಲ, ಮಾತೂ ಬಿಟ್ಟಿಲ್ಲ. ಆದರೆ ಅವಳ ಯಾವ ಮಾತನ್ನೂ ಅವನು ನಂಬುತ್ತಿರಲಿಲ್ಲ. ಚಹಾ ಬಿಸಿಯಿದೆ ಎಂದರೆ ಬೆರಳದ್ದಿ ನೋಡುತ್ತಿದ್ದ. ಹೊರಗೆ ಮೋಡ ಎಂದರೆ "ಹೌದಾ ಗುಬ್ಬಿ?" ಎನ್ನುತ್ತಿದ್ದ. ಅವಳು ಕಣ್ಣಿಗೆ ಹನಿ ಹಾಕಲು ಬಂದರೆ ಶೀಷೆಯನ್ನು ಮೊಮ್ಮಗಳ ಕೈಗೆ ಕೊಟ್ಟು ಹೆಸರು ಓದಿಸುತ್ತಿದ್ದ. ಅತ್ತೆ ಓದು ಮುಗಿಯುವವರೆಗೆ ತುಟಿ ಕಚ್ಚಿಕೊಂಡು ನಿಂತಿರುತ್ತಿದ್ದಳು.

ಮೈಕು ರಿಪೇರಿಯಾದ ಮೇಲೆ ಗುಬ್ಬಿ ಆ ಕೊನೆಯ ದೃಶ್ಯವನ್ನು ಒಂದೇ ಸಲಕ್ಕೆ ಮುಗಿಸಿದ್ದಳು. ಸಿನಿಮಾ ಬಿಡುಗಡೆಯಾದಾಗ ಮನೆಮಂದಿಯೆಲ್ಲ ಮಧ್ಯಾಹ್ನದ ಆಟಕ್ಕೆ ಹೋದರು. ಕತ್ತಲಲ್ಲಿ ಗುಬ್ಬಿಯ ದನಿ ಗೋಡೆಗಳಿಂದ ಬಂದಾಗ ಗಂಡ ಅವಳ ಕೈ ಅದುಮಿದ. "ನಮ್ಮಮ್ಮ!" ಎಂದು ಚೂಟಿ ಅಕ್ಕಪಕ್ಕದವರಿಗೆಲ್ಲ ಸಾರಿದಳು. ಮೇಷ್ಟ್ರು "ಪಾಪ, ಮತ್ತೆ ಮರೆತೆಯಾ" ಎಂದ ಕಡೆ ಜನ ಹಲ್ಲು ಕಡಿದರು. ಅಧಿಕಾರಿಣಿ ಅವನೆದುರು ಕುರ್ಚಿ ಎಳೆದು ಕೂತಾಗ ಅತ್ತೆ ತಟ್ಟನೆ ಎದ್ದು ಹೊರಗೆ ಹೋದಳು.

"ಎಲ್ಲಿ ಹೋದ್ಲು ಇವಳು?" ಮಾವನೂ ಎದ್ದ. ಎಡವಿಯಾನೆಂದು ಗುಬ್ಬಿ ಹಿಂದೆಯೇ ಹೋದಳು.

ಅತ್ತೆ ಹೊರಗಿನ ಹಜಾರದ ಗೋಡೆಗೆ ಒರಗಿ ನಿಂತಿದ್ದಳು. "ನೀವು ನೋಡಿ ಬನ್ನಿ. ನನ್ನ ಕೈಲಾಗಲ್ಲ."

ಮಾವ ಗೋಡೆ ತಡವುತ್ತಾ ಅವಳ ಹತ್ತಿರ ಬಂದ.

"ನಾನೂ ಅವನ ಥರಾನೇ, ಅಲ್ವಾ?" ಎಂದಳು ಅವಳು.

ಇಲ್ಲ ಎನ್ನುತ್ತಾನೆ ಎಂದು ಗುಬ್ಬಿ ಕಾದಳು.

"ಅವನು ನಗ್ತಾ ಮಾಡ್ದ. ನೀನು ಹೆದರಿ ಮಾಡ್ದೆ" ಎಂದ ಮಾವ. "ನನಗೆ ಎರಡೂ ಒಂದೇ ಆಗಿತ್ತು."

ಅತ್ತೆ ತಲೆಯಾಡಿಸಿದಳು. ಒಳಗಿನಿಂದ ಗುಬ್ಬಿಯ ದನಿ, ಬಾಗಿಲು ದಾಟಿ, ಮೆಲ್ಲಗೆ ಪ್ರಶ್ನೆ ಕೇಳುವುದು ಕೇಳಿಸುತ್ತಿತ್ತು.

"ಬಾ" ಎಂದ ಮಾವ. "ಅವನನ್ನ ಹಿಡೀತಾರೋ ಇಲ್ವೋ ನೋಡ್ಬೇಕು ನಾನು."

ಬಾಗಿಲು ತಳ್ಳಿದರೆ ಕಗ್ಗತ್ತಲು. ಸೀಟುಗಳ ನಡುವೆ ಮೆಟ್ಟಿಲುಗಳು ಇಳಿಯುತ್ತಿದ್ದವು. ಮಾವ ಹೊಸ್ತಿಲಲ್ಲಿ ನಿಂತು ಕಾಲಿನಿಂದ ತಡಕಿದ.

"ಇಲ್ಲಿ ಮೆಟ್ಟಿಲಿದೆಯಾ?"

"ಇದೆ. ಇಳೀರಿ" ಎಂದಳು ಅತ್ತೆ.

ಮಾವನ ಎಂದಿನ 'ಹೌದಾ ಗುಬ್ಬಿ' ಈಗ ಬರುತ್ತದೆಂದು, ಉತ್ತರ ಕೊಡಲು ಗುಬ್ಬಿ ಬಾಯಿ ತೆರೆದಳು. ಮಾವ ಹಿಂದೆ ತಿರುಗಲಿಲ್ಲ. ಹೆಂಡತಿಯ ಭುಜದ ಮೇಲೆ ಕೈಯಿಟ್ಟು, ಕಾಣದ ಮೆಟ್ಟಿಲಿನ ಮೇಲೆ ಪೂರ್ತಿ ಭಾರ ಹಾಕಿ ಕಾಲೂರಿದ.

"ಇನ್ನೊಂದು" ಎಂದಳು ಅತ್ತೆ. ಅವನು ಇನ್ನೊಂದು ಇಳಿದ.